ವಯನಾಡು ಘಾಟಿಯಲ್ಲಿ ಕುದಿದ ಜೀಪು

ಕಲ್ಲಿಕೋಟೆಯಿಂದ ವಯನಾಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಅಡಿವಾರಂ ಪೇಟೆಯವರೆಗೆ ತೆಂಗಿನ ತೋಟಗಳ ನಡುವಿನ ಸಾಧಾರಣ ರಸ್ತೆ. ಅಲ್ಲಿಂದ ಮುಂದೆ ಅದಕ್ಕೆ ತಾಮರಶ್ಶೇರಿ ಚುರಂ ಎಂದು ಹೆಸರು. ಚುರಂ ಎಂದರೆ ಮಲಯಾಳದಲ್ಲಿ ಘಾಟಿ. ಸುಮಾರು ಹನ್ನೆರಡು ಕಿಲೋಮೀಟರ್ ದೂರದಲ್ಲಿ ಒಂಬತ್ತು ಹೇರ್‌ಪಿನ್ ತಿರುವುಗಳು. ಒಂಬತ್ತನೆಯದನ್ನು ದಾಟಿ ಲಕ್ಕಿಡಿ ಸೇರಿದರೆ ನಾವು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಮೇಲಿರುತ್ತೇವೆ. ವಯನಾಡಿನ ಮೆಣಸು, ಕಾಫಿ, ಶುಂಠಿ ಕಲ್ಲಿಕೋಟೆಯ ವಲಿಯಂಗಡಿಗೆ ಇಳಿಯುವುದು ಈ ದಾರಿಯಲ್ಲಿ. ಅಕ್ಕಿ, ಉಪ್ಪು, ಸಿಮೆಂಟು ಏರುವುದೂ ಇದೇ ದಾರಿಯಲ್ಲಿ. ಆದ್ದರಿಂದ ಎಲ್ಲ ಹೊತ್ತಿನಲ್ಲಿಯೂ ಲಾರಿಗಳ ಸಾಲು ತಪ್ಪದು. ಅವುಗಳ ಹಿಂದೆ ಮೊದಲನೆಯ ಅಥವಾ ಎರಡನೆಯ ಗೇರಿನಲ್ಲಿಯೇ ಹತ್ತಬೇಕು. ಇಂಜಿನ್ ಬಹಳವಾಗಿ ದುಡಿಯುತ್ತದೆ, ಎದುರಿನ ಗಾಳಿ ಮಾತ್ರ ಸಿಗುವುದಿಲ್ಲ. ವಾಹನದ ನೀರಿನ ವ್ಯವಸ್ಥೆಯಲ್ಲಿ ಎಳ್ಳಷ್ಟು ದೋಷವಿದ್ದರೂ ಅದು ಹೊರಬೀಳುವುದು ಇಂತಹ ಜಾಗದಲ್ಲೇ.

2023ರ ಡಿಸೆಂಬರ್ ಕೊನೆಯ ವಾರದಲ್ಲಿ ನಾವು ನಾಲ್ವರು ಮಂಜೇಶ್ವರದಿಂದ ವಯನಾಡಿಗೆ ಹೊರಟೆವು. ನಾವಿಬ್ಬರು, ಜೀಪು ನಡೆಸಲು ಮಗ, ಮತ್ತು ಎಂಬತ್ತನಾಲ್ಕು ವರ್ಷದ ದೊಡ್ಡಮ್ಮ. ಕಲ್ಪೆಟ್ಟದ ಹತ್ತಿರ ಇರುವ ಚಿಕ್ಕಮ್ಮನನ್ನು ದೊಡ್ಡಮ್ಮ ನೋಡಿ ಒಂಬತ್ತು ವರ್ಷವಾಗಿತ್ತು. ಇಬ್ಬರಿಗೂ ಮಂಡಿನೋವು, ಇಬ್ಬರಿಗೂ ದೂರವಾಣಿಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಸರಿಯಾಗಿ ಕೇಳಿಸದು. “ಈ ಸಲ ಹೋಗದಿದ್ದರೆ ಇನ್ನು ಹೋಗುವುದಿಲ್ಲ” ಎಂದು ದೊಡ್ಡಮ್ಮ ಖಂಡಿತವಾಗಿ ಹೇಳಿಬಿಟ್ಟಿದ್ದರು. ಬಂಗ್ರಮಂಜೇಶ್ವರದ ಬಸದಿಯಲ್ಲಿ ದರ್ಶನ ಮುಗಿಸಿ ನಸುಕಿನಲ್ಲಿಯೇ ಹೊರಟೆವು. ಕಣ್ಣೂರಿನ ಕಡೆಯಿಂದಲೂ ವಯನಾಡಿಗೆ ಘಾಟಿಗಳಿವೆ. ಆದರೆ ವಲಿಯಂಗಡಿಯಲ್ಲಿ ನಮಗೆ ಕೊಬ್ಬರಿಯ ಲೆಕ್ಕವೊಂದನ್ನು ಚುಕ್ತಾ ಮಾಡುವುದಿತ್ತು. ಆದ್ದರಿಂದ ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ಕಡಲ ದಾರಿಯನ್ನೇ ಹಿಡಿದೆವು.

ಜೀಪಿನ ಬಗ್ಗೆ ಒಂದೆರಡು ಮಾತು ಹೇಳಬೇಕು. ಅದು ಡೀಸೆಲ್ ಗಾಡಿ. ಬೇಕಾದಾಗ ನಾಲ್ಕು ಚಕ್ರಗಳಿಗೂ ಇಂಜಿನ್ನಿನ ಬಲ ಹಾಯಿಸಬಹುದಾದ ಜಾತಿಯದು. ಗುಡ್ಡದ ಮೇಲಿನ ಅಡಿಕೆ ತೋಟಕ್ಕೆ ಬೇರೆ ಗಾಡಿ ಹತ್ತುವುದಿಲ್ಲವೆಂದು ಕೊಂಡದ್ದು. ಮಳೆಗಾಲದಲ್ಲಿ ಕೆಸರಿನಲ್ಲಿ ಅರ್ಧ ಮುಳುಗಿಯೇ ಓಡಾಡುತ್ತದೆ. ಊರಿನ ಸಮತಟ್ಟು ರಸ್ತೆಯಲ್ಲಿ ಅದರ ಬಿಸಿಯ ಮುಳ್ಳು ನಡುಗೆರೆಯನ್ನು ದಾಟಿದ್ದೇ ಇಲ್ಲ. ಕಲ್ಲಿಕೋಟೆಯವರೆಗೂ ದಾಟಲಿಲ್ಲ.

ಅಡಿವಾರದಲ್ಲಿ ಮೂರು ಗಂಟೆ. ಮೊದಲ ಮೂರು ತಿರುವುಗಳನ್ನು ಸರಾಗವಾಗಿ ಹತ್ತಿದೆವು. ಮುಂದೆ ಮರದ ದಿಮ್ಮಿ ಹೇರಿದ ಒಂದು ಲಾರಿ ಸಿಕ್ಕಿತು; ಅದನ್ನು ಹಿಂದೆ ಹಾಕುವ ದಾರಿಯಿಲ್ಲ. ನಾಲ್ಕನೆಯ ತಿರುವಿನ ಬಳಿಕ ಮುಳ್ಳು ಅಲ್ಲಾಡಿತು. ಆರನೆಯದರಲ್ಲಿ ಕೆಂಪು ಗೆರೆಯ ಹತ್ತಿರ ಬಂತು. ಬೆಲ್ಲ ಸೀದ ಹಾಗೆ ಒಂದು ವಾಸನೆ ಗಾಡಿಯ ಒಳಗೆ ತುಂಬಿತು. ಮಗ ಏಸಿ ಆರಿಸಿ, ಹೀಟರನ್ನು ಪೂರಾ ತೆರೆದ. ಸೆಖೆಯಲ್ಲಿ ಇನ್ನಷ್ಟು ಸೆಖೆ ಏಕೆಂದು ದೊಡ್ಡಮ್ಮ ಕೇಳಿದರು. ಹೀಟರೂ ಒಂದು ಸಣ್ಣ ರೇಡಿಯೇಟರೇ. ಇಂಜಿನ್ನಿನ ಬಿಸಿಯನ್ನು ಅಷ್ಟಿಷ್ಟು ಎಳೆದು ಒಳಗೆ ಊದುತ್ತದೆ. ನಮಗೆ ಬೆವರು, ಇಂಜಿನ್ನಿಗೆ ಉಸಿರು. ರಸ್ತೆ ಸ್ವಲ್ಪ ಅಗಲವಾದ ಕಡೆ ನಿಲ್ಲಿಸಿ ಬಾನೆಟ್ ಎತ್ತಿದಾಗ ಪಕ್ಕದ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಕೊತಕೊತ ಕುದಿದು ಬಾಯಿಯಿಂದ ಉಕ್ಕುತ್ತಿತ್ತು.

ಇಂತಹ ಹೊತ್ತಿನಲ್ಲಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮಿ ಬೆಂದವರಿದ್ದಾರೆ. ಮೇಲಿನ ದಪ್ಪ ಹೋಸನ್ನು ಬಟ್ಟೆಯಿಂದ ಹಿಸುಕಿ ನೋಡಬೇಕು. ಅದು ಕಲ್ಲಿನಂತಿರುವವರೆಗೂ ಕಾಯಬೇಕು, ಮೆತ್ತಗಾದ ಮೇಲೆಯೇ ಮುಟ್ಟಬೇಕು. ಐವತ್ತು ನಿಮಿಷ ಕಾದೆವು. ತಡೆಗೋಡೆಯ ಮೇಲೆ ಕೋತಿಗಳ ಸಂಸಾರ ನಮ್ಮ ತಿಂಡಿಯ ಚೀಲವನ್ನೇ ನೋಡುತ್ತ ಕುಳಿತಿತ್ತು. ಕೆಳಗೆ ಬಯಲು ಮಂಜಿನಲ್ಲಿ ಕಾಣುತ್ತಿತ್ತು. ಆ ನೋಟವನ್ನು ಸವಿಯುವ ಮನಸ್ಸು ಯಾರಿಗೂ ಇರಲಿಲ್ಲ. ದೊಡ್ಡಮ್ಮನದು ಸೂರ್ಯಾಸ್ತದ ಮೇಲೆ ಅನ್ನ ನೀರು ಮುಟ್ಟದ ನಿಯಮ. ಬೆಳಗಿನಿಂದ ಅವರು ತಿಂದದ್ದು ಎರಡು ಇಡ್ಲಿ ಮಾತ್ರ. ಕೊನೆಗೆ ಅವರಿಗೆಂದು ಮನೆಯಿಂದ ಗಾಳಿಸಿ ತಂದ ಕ್ಯಾನಿನ ನೀರನ್ನೇ ರೇಡಿಯೇಟರಿಗೆ ಹಾಕಬೇಕಾಯಿತು. ಇಂಜಿನ್ ನಿಧಾನವಾಗಿ ಓಡುತ್ತಿರುವಾಗ ಸಣ್ಣ ಧಾರೆಯಾಗಿ ಹಾಕಿದೆವು, ಏಕೆಂದರೆ ಕಾದ ಕಬ್ಬಿಣಕ್ಕೆ ತಣ್ಣೀರು ಒಮ್ಮೆಲೇ ಬಿದ್ದರೆ ಬಿರುಕು ಬಿಡಬಹುದು. ಒಂದೂವರೆ ಲೀಟರ್ ಹಿಡಿಯಿತು.

ಲಕ್ಕಿಡಿ ತಲುಪುವಷ್ಟರಲ್ಲಿ ಮುಳ್ಳು ಮತ್ತೆ ಮೇಲಕ್ಕೆ ಬಂದಿತ್ತು. ಆದರೆ ಅಲ್ಲಿಂದ ವೈತಿರಿಯ ಕಡೆಗೆ ರಸ್ತೆ ಹೆಚ್ಚುಕಡಿಮೆ ಸಮತಟ್ಟು. ಆ ಕೆಲವೇ ಕಿಲೋಮೀಟರುಗಳಲ್ಲಿ ಅದು ತಾನಾಗಿ ನಡುಗೆರೆಗೆ ಇಳಿಯಿತು.

ವೈತಿರಿಯ ಬಳಿ ರಸ್ತೆಬದಿಯ ಗ್ಯಾರೇಜೊಂದರಲ್ಲಿ ತೋರಿಸಿದೆವು. ಅಲ್ಲಿನ ಹುಡುಗ ಬಾಟಲಿಯಲ್ಲಿ ಏಳುತ್ತಿದ್ದ ಗುಳ್ಳೆಗಳನ್ನು ನೋಡಿ, “ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್. ಇಂಜಿನ್ನಿನ ಹೊಗೆ ನೀರಿಗೆ ನುಗ್ಗುತ್ತಿದೆ. ಹೆಡ್ ಇಳಿಸಿ ಕಲ್ಲಿಕೋಟೆಗೆ ಕಳುಹಿಸಿ ಮಟ್ಟ ಮಾಡಿಸಬೇಕು. ನಾಲ್ಕು ದಿನ, ಮೂವತ್ತು ಸಾವಿರದ ಮೇಲೆ ಆಗುತ್ತದೆ. ಗಾಡಿ ಇಲ್ಲೇ ಬಿಡಿ” ಎಂದ. ಅವನ ಮೇಲೆ ನಮಗೆ ಅಸಮಾಧಾನವಿಲ್ಲ. ಮೋಸ ಮಾಡುವ ಹುಡುಗನಂತೆ ಕಾಣಲಿಲ್ಲ, ಕಂಡದ್ದನ್ನು ಹೇಳಿದ. ಗ್ಯಾಸ್ಕೆಟ್ ನಿಜವಾಗಿಯೂ ಹೋಗಿದ್ದರೆ ಮುಂದೆ ಓಡಿಸುವುದು ಮೂರ್ಖತನವೇ ಸರಿ. ಹೆಡ್ ಸೊಟ್ಟಗಾಗಿ ಮೂವತ್ತು ಸಾವಿರದ ಕೆಲಸ ಒಂದು ಲಕ್ಷಕ್ಕೆ ಹೋಗುತ್ತದೆ. ಹೋಗಿಲ್ಲದಿದ್ದರೆ ಸುಮ್ಮನೆ ಇಂಜಿನ್ ಬಿಚ್ಚಿಸಿದ ಹಾಗಾಗುತ್ತದೆ. ಗಂಟೆ ಐದು ದಾಟಿತ್ತು. ಸಮತಟ್ಟಿನಲ್ಲಿ ಮುಳ್ಳು ತಾನೇ ಇಳಿದದ್ದನ್ನು ಮಗ ನೆನಪಿಸಿದ. ಗ್ಯಾರೇಜಿನಲ್ಲೇ ಎರಡು ಕ್ಯಾನ್ ನೀರು ತುಂಬಿಕೊಂಡು, ಏಸಿ ಇಲ್ಲದೆ, ಮುಳ್ಳಿನಿಂದ ಕಣ್ಣು ತೆಗೆಯದೆ ಹೊರಟೆವು. ಮುಳ್ಳು ನಡುವಿನಿಂದ ಅಲುಗಲಿಲ್ಲ.

ಚುಂಡೇಲಿನಲ್ಲಿ ಬಲಕ್ಕೆ ಮೇಪ್ಪಾಡಿಯ ದಾರಿ ಕವಲೊಡೆಯುತ್ತದೆ. ಅಂದು ಅದು ನಮಗೆ ಒಂದು ಕೈಕಂಬ ಮಾತ್ರ. ಏಳು ತಿಂಗಳ ತರುವಾಯ, 2024ರ ಜುಲೈ 30ರ ನಸುಕಿನಲ್ಲಿ, ಆ ದಾರಿಯ ಮುಂದಿನ ಮುಂಡಕ್ಕೈ ಮತ್ತು ಚೂರಲ್‌ಮಲ ಎಂಬ ಊರುಗಳು ಗುಡ್ಡ ಕುಸಿದು ಕೊಚ್ಚಿಹೋದವು.

ಚಿಕ್ಕಮ್ಮನ ಮನೆಯಂಗಳ ತಲುಪಿದಾಗ ಇನ್ನೂ ಬೆಳಕಿತ್ತು. ಅಂಗಳದ ತುಂಬ ಕಾಫಿ ಹಣ್ಣು ಒಣಗಲು ಹರಡಿತ್ತು. ಆ ಹುಳಿ ವಾಸನೆ ವಯನಾಡಿನ ಡಿಸೆಂಬರಿನ ವಾಸನೆ. ಅಕ್ಕ ತಂಗಿಯರು ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಚಿಕ್ಕಮ್ಮ, “ಮೊದಲು ಊಟ ಮಾಡು ಅಕ್ಕ, ಹೊತ್ತು ಮುಳುಗುತ್ತದೆ. ಅಳುವುದು ನಾಳೆಯೂ ಆದೀತು” ಎಂದು ಎಲೆ ಹಾಕಿಸಿದರು. ಶಾಲೆ ಮಲಯಾಳದ್ದಾದರೂ ಇಲ್ಲಿನ ನಮ್ಮವರ ಮನೆಮಾತು ಕನ್ನಡ. ನಮ್ಮ ಕರಾವಳಿಯ ಕನ್ನಡಕ್ಕಿಂತ ಅದು ಬೇರೆ; ಕೇಳಲು ಹಿತ. ಹೆಸರಿನ ಮುಂದೆ ಗೌಡರ್ ಎಂದಿದ್ದರೆ ಬಹುಮಟ್ಟಿಗೆ ಈ ಮನೆತನಗಳವರೆಂದು ತಿಳಿಯಬಹುದು.

ಮರುದಿನ ಬೆಳಗ್ಗೆ ಏಳು ಗಂಟೆಗೆ ಚಿಕ್ಕಮ್ಮನ ಮಗ ಕಲ್ಪೆಟ್ಟದಿಂದ ಒಬ್ಬ ಹಿರಿಯ ಮೇಸ್ತ್ರಿಯನ್ನು ಕರೆತಂದ. ಆಶಾನ್ ಎಂದೇ ಎಲ್ಲರೂ ಕರೆಯುವುದು. ಗುರು ಎಂಬರ್ಥದ ಮಾತು. ನಲವತ್ತು ವರ್ಷದಿಂದ ಎಸ್ಟೇಟುಗಳ ಜೀಪು ನೋಡಿಕೊಂಡವರು. ಹರೆಯದಲ್ಲಿ ಮೈಸೂರಿನಲ್ಲಿ ಕೆಲಸ ಕಲಿತದ್ದರಿಂದ ಕನ್ನಡ ಚೆನ್ನಾಗಿ ಬರುತ್ತದೆ. ಮಗ ಕೀಲಿ ಹಿಡಿದು ಹೊರಬಂದಾಗ ದೂರದಿಂದಲೇ ಕೈ ಅಡ್ಡ ಹಿಡಿದರು.

“ಸ್ಟಾರ್ಟ್ ಮಾಡಬೇಡಿ ಮಗಾ. ನನಗೆ ತಣ್ಣಗಿರುವ ಇಂಜಿನ್ ಬೇಕು. ಬಿಸಿಯಾದ ಇಂಜಿನ್ ಎಲ್ಲ ಕಾಯಿಲೆಯನ್ನೂ ಒಂದೇ ಥರ ತೋರಿಸುತ್ತದೆ.”

ಬಾನೆಟ್ ಎತ್ತಿ ಅವರು ಏನನ್ನೂ ಮುಟ್ಟದೆ ಎರಡು ನಿಮಿಷ ನೋಡಿದರು. ಆಮೇಲೆ ನಮ್ಮನ್ನು ಕರೆದು ಎರಡು ಸಂಗತಿ ತೋರಿಸಿದರು. ಒಂದು, ಬಾಟಲಿಯಲ್ಲಿ ನೀರು ಕಂಠದವರೆಗೂ ಇತ್ತು. ಇನ್ನೊಂದು, ರೇಡಿಯೇಟರಿನ ಮೇಲಿನ ಹೋಸ್ ಚಪ್ಪಟೆಯಾಗಿತ್ತು, ಮಕ್ಕಳು ಕಾಗದದ ನಳಿಕೆಯನ್ನು ಬಾಯಲ್ಲಿಟ್ಟು ಎಳೆದಾಗ ಆಗುವ ಹಾಗೆ.

“ರಾತ್ರಿ ಬಾಟಲಿಗೆ ಯಾರಾದರೂ ನೀರು ಹಾಕಿದಿರಾ?”

ಯಾರೂ ಹಾಕಿರಲಿಲ್ಲ. ಆಶಾನ್ ಮುಚ್ಚಳ ತಿರುಗಿಸಿದರು. ಉಸ್ ಎಂದು ಗಾಳಿ ಒಳಕ್ಕೆ ಹೋಯಿತು, ಚಪ್ಪಟೆಯಾದ ಹೋಸ್ ಪಟ್ಟನೆ ಉಬ್ಬಿ ಗುಂಡಗಾಯಿತು. ಬಾಟಲಿ ತುಂಬಿದ್ದರೂ ರೇಡಿಯೇಟರಿನೊಳಗೆ ನೀರು ಕಾಣಲಿಲ್ಲ. ಅಳತೆಯ ಪಾತ್ರೆಯಿಂದ ತುಂಬಿಸಿದಾಗ ಒಂದೂಕಾಲು ಲೀಟರ್ ಹಿಡಿಯಿತು.

ಇದರ ಅರ್ಥವೇನೆಂದು ತಿಳಿಯಬೇಕಾದರೆ ಅಡುಗೆಮನೆಯ ಕುಕ್ಕರನ್ನು ನೆನೆಯಬೇಕು. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ವಯನಾಡಿನಷ್ಟು ಎತ್ತರದಲ್ಲಿ ಗಾಳಿಯ ಭಾರ ಕಡಿಮೆಯಾದ್ದರಿಂದ ಇನ್ನೂ ಬೇಗ, 98ರ ಒಳಗೇ. ಕುಕ್ಕರಿನ ಮೇಲೆ ವೆಯ್ಟ್ ಕೂರಿಸಿದರೆ ಒಳಗೆ ಒತ್ತಡ ಏರಿ 120ರ ಸುಮಾರಿಗೆ ಹೋಗುವವರೆಗೂ ಕುದಿಯುವುದಿಲ್ಲ. ಜೀಪಿನ ರೇಡಿಯೇಟರೂ ಹಾಗೆಯೇ. ಅದರ ಮುಚ್ಚಳ ಬರೀ ಮುಚ್ಚಳವಲ್ಲ, ಕುಕ್ಕರಿನ ವೆಯ್ಟೂ ಹೌದು. ನಮ್ಮ ಮುಚ್ಚಳದ ಮೇಲೆ 0.9 ಎಂದು ಅಚ್ಚಿದೆ. ಹೊರಗಿನ ಗಾಳಿಗಿಂತ ಅಷ್ಟು ಬಾರ್ ಹೆಚ್ಚು ಒತ್ತಡವನ್ನು ಅದು ಹಿಡಿದಿಟ್ಟುಕೊಳ್ಳಬೇಕು. ಆಗ ಬರೀ ನೀರು ಕೂಡ ಘಾಟಿಯ ಮೇಲೆ 117 ಡಿಗ್ರಿಯವರೆಗೆ ಕುದಿಯದೆ ಇರುತ್ತದೆ. ಕೂಲೆಂಟ್ ಬೆರೆಸಿದ್ದರೆ ಇನ್ನೂ ಕೆಲವು ಡಿಗ್ರಿ ಹೆಚ್ಚು. ಡೀಸೆಲ್ ಇಂಜಿನ್ನಿನ ನೀರು ಸಾಮಾನ್ಯವಾಗಿ ತೊಂಬತ್ತರ ಆಸುಪಾಸಿನಲ್ಲಿದ್ದು, ಭಾರ ಹೊತ್ತು ಏರುವಾಗ ನೂರನ್ನು ದಾಟಿದರೂ ಅದು ರೋಗವಲ್ಲ. ಒತ್ತಡ ನಿಂತಿದ್ದರೆ ಕುದಿಯುವುದಿಲ್ಲ. ಕುದಿಯದಿದ್ದರೆ ಬಿಸಿ ಸರಿಯಾಗಿ ಸಾಗುತ್ತದೆ.

ಮುಚ್ಚಳಕ್ಕೆ ಇನ್ನೊಂದು ಕೆಲಸವೂ ಇದೆ, ಅದು ಕುಕ್ಕರಿಗೆ ಇಲ್ಲದ್ದು. ಬಿಸಿಯಾದಾಗ ಹಿಗ್ಗಿದ ನೀರು ಮುಚ್ಚಳದ ದೊಡ್ಡ ಕವಾಟವನ್ನು ಎತ್ತಿ ಬಾಟಲಿಗೆ ಹೋಗುತ್ತದೆ. ತಣ್ಣಗಾದಾಗ ಒಳಗಿನ ನೀರು ಕುಗ್ಗಿ ಬಾಟಲಿಯ ನೀರನ್ನು ಹಿಂದಕ್ಕೆ ಎಳೆಯುತ್ತದೆ. ಅದು ಒಳಬರುವುದು ಮುಚ್ಚಳದ ನಡುವಿನ ಪುಟ್ಟ ಹಿತ್ತಾಳೆ ಬಿಲ್ಲೆಯ ಕವಾಟದ ಮೂಲಕ. ಈ ಬಿಲ್ಲೆ ಅಂಟಿಕೊಂಡರೆ ಹೋದ ನೀರು ಮರಳಿ ಬರುವುದಿಲ್ಲ. ಒಳಗೆ ಎಳೆತ ಉಂಟಾಗಿ, ಎಲ್ಲಕ್ಕಿಂತ ಮೆದುವಾದ ಹೋಸ್ ಒಳಕ್ಕೆ ಮಡಚಿಕೊಳ್ಳುತ್ತದೆ. ನಮ್ಮಲ್ಲಿ ಆದದ್ದು ಇದೇ ಎಂದು ಆಶಾನರ ಊಹೆ. (ಈಗಿನ ಹಲವು ಗಾಡಿಗಳಲ್ಲಿ ಬಾಟಲಿಯೇ ಒತ್ತಡದ ಪಾತ್ರೆ, ಈ ಮುಚ್ಚಳ ಅದರ ಮೇಲೆಯೇ ಇರುತ್ತದೆ. ಅಂತಹ ಬಾಟಲಿಯನ್ನೂ ಬಿಸಿಯಲ್ಲಿ ತೆರೆಯಬಾರದು.)

“ಹಾಗಾದರೆ ಮುಚ್ಚಳ ಬದಲಿಸಿದರೆ ಮುಗಿಯಿತಲ್ಲ?” ಎಂದು ಮಗ ಆತುರಪಟ್ಟ.

“ಗ್ಯಾಸ್ಕೆಟ್ ಹೋಗಿಲ್ಲ ಎಂದು ನಾನಿನ್ನೂ ಹೇಳಿಲ್ಲ. ಎರಡೂ ಒಟ್ಟಿಗೆ ಇರಬಹುದು. ನಿನ್ನೆ ಕುದಿದದ್ದರಿಂದಲೇ ಹೋಗಿರಲೂಬಹುದು.”

ಈ ಮಾತಿನಿಂದ ನಮಗೆ ಅವರ ಮೇಲೆ ವಿಶ್ವಾಸ ಹುಟ್ಟಿತು. ಒಂದು ಕಾರಣ ಸಿಕ್ಕಿದೊಡನೆ ಹುಡುಕುವುದನ್ನು ನಿಲ್ಲಿಸದವರು ಯಾವ ಕಸುಬಿನಲ್ಲೂ ಕಡಿಮೆ.

ಆಶಾನ್ ಎಣ್ಣೆ ನೋಡುವ ಕಡ್ಡಿ ಎಳೆದರು. ಎಣ್ಣೆ ಕಪ್ಪಗೇ ಇತ್ತು. ನೀರು ಬೆರೆತಿದ್ದರೆ ಹಾಲು ಹಾಕಿದ ಚಹಾದ ಬಣ್ಣ ಬರುತ್ತದಂತೆ. ಎಣ್ಣೆ ತುಂಬುವ ಮುಚ್ಚಳದ ಅಡಿಯಲ್ಲೂ ಬೆಣ್ಣೆಯಂತಹ ಪದಾರ್ಥವಿರಲಿಲ್ಲ. ಬಳಿಕ ರೇಡಿಯೇಟರಿನ ಬಾಯಿ ತೆರೆದಿಟ್ಟೇ ಇಂಜಿನ್ ಚಾಲೂ ಮಾಡಿಸಿ ಟಾರ್ಚ್ ಹಿಡಿದು ಕುಳಿತರು. ಸಿಕ್ಕಿಕೊಂಡಿದ್ದ ಗಾಳಿಯ ನಾಲ್ಕಾರು ಗುಳ್ಳೆ ಮೊದಲಿಗೆ ಎದ್ದವು, ಆಮೇಲೆ ನೀರು ಕನ್ನಡಿಯ ಹಾಗೆ ನಿಂತಿತು. ಇಡೀ ರೋಗಪರೀಕ್ಷೆಯ ತಿರುಳು ಇಲ್ಲಿತ್ತು. ಗ್ಯಾಸ್ಕೆಟ್ ಹೋದ ಇಂಜಿನ್ನಿನಲ್ಲಿ ಸಿಲಿಂಡರಿನ ಹೊಗೆ ನೀರಿಗೆ ನುಗ್ಗುವುದರಿಂದ ಗುಳ್ಳೆಗಳು ತಣ್ಣನೆಯ ನೀರಿನಲ್ಲೂ ಏಳುತ್ತಲೇ ಇರುತ್ತವೆ. ಕುದಿತದ ಗುಳ್ಳೆ ಬಿಸಿಯಾದ ಮೇಲೆ ಮಾತ್ರ. ವೈತಿರಿಯ ಹುಡುಗ ಕಂಡದ್ದೂ ಗುಳ್ಳೆಯೇ. ಆದರೆ ಅವನು ಕಂಡದ್ದು ಕುದಿಯುವ ನೀರಿನಲ್ಲಿ. ಆ ಹೊತ್ತಿನಲ್ಲಿ ಎರಡನ್ನೂ ಬೇರ್ಪಡಿಸಿ ಹೇಳುವುದು ಯಾರಿಗೂ ಸಾಧ್ಯವಿರಲಿಲ್ಲ.

ಅಷ್ಟಕ್ಕೂ ತೃಪ್ತಿಯಿಲ್ಲ. ಮುಚ್ಚಳ ಹಾಕಿಸಿ, ಹೋಸಿನ ಮೇಲೆ ಕೈಯಿಟ್ಟು ಗಡಿಯಾರ ನೋಡಿದರು. ಗ್ಯಾಸ್ಕೆಟ್ ಸೋರಿದರೆ ನೀರು ಬೆಚ್ಚಗಾಗುವ ಮೊದಲೇ, ಒಂದೆರಡು ನಿಮಿಷದಲ್ಲಿ, ಹೋಸ್ ಕಲ್ಲಾಗುತ್ತದೆ. ರಾತ್ರಿಯಿಡೀ ನಿಲ್ಲಿಸಿದರೂ ಬೆಳಗ್ಗೆ ಒತ್ತಡ ಉಳಿದಿರುವುದುಂಟು. ನಮ್ಮದು ತದ್ವಿರುದ್ಧವಾಗಿ ಮಡಚಿಕೊಂಡಿತ್ತು. ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ನಿಲ್ಲಲಿಲ್ಲ. ಬೆಳಗಿನ ಚಳಿಯ ಆವಿ ಸ್ವಲ್ಪ ಹೊತ್ತಿಗೇ ಹೋಯಿತು.

ಕೊನೆಯದು ಕೈಪಂಪು. ಸೈಕಲ್ ಪಂಪಿನಂತಹ ಒಂದು ಸಾಧನ, ಅದಕ್ಕೊಂದು ಗಡಿಯಾರದಂತಹ ಮೀಟರು. ಇಂಜಿನ್ ನಿಲ್ಲಿಸಿ ಅದನ್ನು ರೇಡಿಯೇಟರಿನ ಬಾಯಿಗೆ ಕೂರಿಸಿ 0.9ರವರೆಗೆ ಒತ್ತಿದರು. ಕಾಲು ಗಂಟೆ ಬಿಟ್ಟರು. ಅಷ್ಟರಲ್ಲಿ ಗಾಡಿಯ ಅಡಿಗೆ ಮಲಗಿ ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರ, ಹೋಸುಗಳ ಕ್ಲಿಪ್ಪು, ಹೀಟರಿನ ಪೈಪು, ಒಳಗೆ ಕಾಲಡಿಯ ಚಾಪೆ ಎಲ್ಲವನ್ನೂ ಮುಟ್ಟಿ ನೋಡಿದರು. ಒತ್ತಡವಿದ್ದಾಗ ಮಾತ್ರ ತೆರೆದುಕೊಳ್ಳುವ ಸೋರಿಕೆಗಳಿರುತ್ತವಂತೆ. ಬಿಸಿ ಪೈಪಿನ ಮೇಲೆ ಬಿದ್ದ ಹನಿ ಅಲ್ಲೇ ಆವಿಯಾಗಿ ಬರೀ ಬಿಳಿ ಕಲೆ ಉಳಿಯುತ್ತದೆ. ನೆಲದಲ್ಲಿ ಒಂದು ತೊಟ್ಟೂ ಸಿಗದು. ಎಲ್ಲಿಯೂ ಪಸೆಯಿರಲಿಲ್ಲ. ಮೀಟರಿನ ಮುಳ್ಳು 0.9ರಲ್ಲೇ ನಿಂತಿತ್ತು. ರೇಡಿಯೇಟರ್, ಪಂಪು, ಹೋಸು, ಗ್ಯಾಸ್ಕೆಟ್ ಎಲ್ಲವೂ ಒಂದೇ ಪರೀಕ್ಷೆಯಲ್ಲಿ ಪಾಸಾದವು.

ಈಗ ಪಂಪಿಗೆ ಮುಚ್ಚಳವನ್ನೇ ಸಿಕ್ಕಿಸಿ ಒತ್ತಿದರು. ಮುಳ್ಳು 0.3ಕ್ಕೆ ಏರಿ ಪುಸ್ಸೆಂದಿತು. ಮತ್ತೆ ಒತ್ತಿದರು, ಮತ್ತೆ 0.3. ಸ್ಪ್ರಿಂಗ್ ಬಲ ಕಳೆದುಕೊಂಡಿತ್ತು. ಮುಚ್ಚಳ ಮಗುಚಿದಾಗ ಹಿತ್ತಾಳೆ ಬಿಲ್ಲೆಯ ಸುತ್ತ ಕಂದು ಬಣ್ಣದ ಕೆಸರು ಗಟ್ಟಿಯಾಗಿ ಅಂಟಿತ್ತು. ಆಶಾನರ ಉಗುರಿಗೂ ಅಲುಗಲಿಲ್ಲ. ಚಿಕ್ಕಮ್ಮ ಬಾಗಿಲಿನಿಂದಲೇ, “ವೆಯ್ಟ್ ಹಗುರಾದರೆ ಬೇಳೆ ಬೇಯದು, ನೀರು ಮಾತ್ರ ಉಕ್ಕುತ್ತದೆ. ಇದಕ್ಕೆ ಇಷ್ಟು ಹೊತ್ತು ಬೇಕಾಯಿತೇ?” ಎಂದರು. ಆಶಾನ್ ನಕ್ಕು, “ಅಮ್ಮ, ಕುಕ್ಕರ್ ಒಡೆದರೆ ಇನ್ನೊಂದು ತರಬಹುದು” ಎಂದರು.

ಹಿಂದಿನ ದಿನದ ಸಂಗತಿಗಳೆಲ್ಲ ಈಗ ಒಂದೇ ದಾರದಲ್ಲಿ ಪೋಣಿಸಿಕೊಂಡವು. 0.3 ಬಾರಿನ ಒತ್ತಡದಲ್ಲಿ ಆ ಎತ್ತರದಲ್ಲಿ ನೀರು 105ರ ಸುಮಾರಿಗೇ ಕುದಿಯುತ್ತದೆ. ಊರಿನ ರಸ್ತೆಯಲ್ಲಿ ಅಷ್ಟು ಬಿಸಿಯೇ ಆಗದ್ದರಿಂದ ದೋಷ ತೋರಲಿಲ್ಲ. ಚುರದಲ್ಲಿ ಏಸಿಯ ಭಾರವೂ ಸೇರಿ ಆ ಗಡಿ ದಾಟಿತು. ಕುದಿದ ಆವಿ ನೀರನ್ನು ಬಾಟಲಿಗೆ ತಳ್ಳಿತು, ತಳ್ಳಿದ್ದು ಮರಳಲಿಲ್ಲ, ಉಳಿದ ಅಲ್ಪ ನೀರು ಇನ್ನೂ ಬೇಗ ಕುದಿಯಿತು. ಬಾಟಲಿ ತುಂಬಿರುವುದನ್ನು ನೋಡಿ ನೀರು ಸಾಕಷ್ಟಿದೆ ಎಂದುಕೊಳ್ಳುವವರು ಎಷ್ಟು ಜನವೋ! ಬಾಟಲಿ ಹೇಳುವುದು ಬಾಟಲಿಯ ಲೆಕ್ಕವನ್ನು ಮಾತ್ರ. ಉಗ್ರಾಣದ ಲೆಕ್ಕ ಬೇರೆ.

ಕೆಸರು ಎಲ್ಲಿಂದ ಬಂತು ಎಂಬುದಕ್ಕೂ ಉತ್ತರ ಸಿಕ್ಕಿತು. ಹಿಂದಿನ ಸಲ ಸರ್ವಿಸ್ ಮಾಡಿದ ಗ್ಯಾರೇಜಿನವರು ಕೂಲೆಂಟ್ ಇಳಿಸಿ ಬರೀ ನಲ್ಲಿಯ ನೀರು ತುಂಬಿಸಿದ್ದರು. ಹಳೆಯ ಕೂಲೆಂಟಿನ ಶೇಷ ವಾಸನೆಗಷ್ಟೇ ಉಳಿದಿತ್ತು. ಕೂಲೆಂಟ್ ಕುದಿಯುವ ಅಂಕೆಯನ್ನು ಏರಿಸುವುದಲ್ಲದೆ ತುಕ್ಕನ್ನೂ ತಡೆಯುತ್ತದೆ. ಅದಿಲ್ಲದೆ ಇಂಜಿನ್ನಿನ ಕಬ್ಬಿಣ ಒಳಗೇ ತುಕ್ಕಾಗಿ, ಆ ಪುಡಿ ಮುಚ್ಚಳದ ಸಂದಿನಲ್ಲಿ ಸೇರುತ್ತದೆ.

ಹೊಸ ಮುಚ್ಚಳಕ್ಕೆ ಕಲ್ಪೆಟ್ಟದಲ್ಲಿ 350 ರೂಪಾಯಿ. ಅಂಗಡಿಯವನು 1.1 ಅಂಕೆಯದನ್ನು ತೋರಿಸಿ ಇದು ಇನ್ನೂ ಗಟ್ಟಿ ಎಂದದ್ದಕ್ಕೆ ಆಶಾನ್ ಒಪ್ಪಲಿಲ್ಲ. ಗಾಡಿ ಮಾಡಿದವರು ಹೇಳಿದ ಅಂಕೆಯೇ ಇರಬೇಕು. ಹೆಚ್ಚಿನದನ್ನು ಹಾಕಿದರೆ ಹಳೆಯ ಹೋಸೋ ಹೀಟರಿನ ಕೊಳವೆಯೋ ಒಡೆಯುತ್ತದೆ. ತಂದದ್ದನ್ನೂ ಪಂಪಿಗೆ ಹಾಕಿ ನೋಡಿಯೇ ಕೂರಿಸಿದರು. ಕಂದು ನೀರು ಹೋಗುವವರೆಗೂ ರೇಡಿಯೇಟರ್ ತೊಳೆದು, ಅರ್ಧ ಕೂಲೆಂಟ್ ಅರ್ಧ ಶುದ್ಧ ನೀರು ತುಂಬಿಸಿದರು. ಏಸಿಯ ಜಾಲರಿಗೂ ರೇಡಿಯೇಟರಿಗೂ ನಡುವೆ ನೀರು ಹಾಯಿಸಿದಾಗ ನಮ್ಮ ತೋಟದ ಒಣ ಕೆಸರು, ಹುಲ್ಲು, ಅಡಿಕೆ ಸಿಪ್ಪೆಯ ನಾರು ಒಂದು ಬೊಗಸೆ ಹೊರಬಂತು. ಕಚ್ಚಾ ದಾರಿಯಲ್ಲಿ ತಿರುಗುವ ಗಾಡಿಯವರು ಆ ಸಂದನ್ನು ವರ್ಷಕ್ಕೊಮ್ಮೆಯಾದರೂ ನೋಡಿಸುವುದು ಒಳ್ಳೆಯದು. ಎದುರಿನಿಂದ ಏನೂ ಕಾಣುವುದಿಲ್ಲ.

ಗಾಡಿ ತೊಳೆಯುತ್ತಿದ್ದಾಗ ನಾವು ಹೆಂಗಸರು ಮಕ್ಕಳೊಂದಿಗೆ ಆಟೋದಲ್ಲಿ ಪುಳಿಯಾರ್‌ಮಲೆಯ ಅನಂತನಾಥ ಸ್ವಾಮಿ ಬಸದಿಗೆ ಹೋದೆವು. ಕಲ್ಪೆಟ್ಟದಿಂದ ಆರು ಕಿಲೋಮೀಟರ್. ಕಾಫಿ ತೋಟಗಳ ನಡುವೆ ಹದಿನಾಲ್ಕನೆಯ ತೀರ್ಥಂಕರರ ಸನ್ನಿಧಿ. ಅಕ್ಕ ತಂಗಿಯರು ಕೈಕೈ ಹಿಡಿದೇ ಮೆಟ್ಟಿಲು ಹತ್ತಿದರು. ಈ ಸೀಮೆಯ ಪದ್ಮಪ್ರಭಾ ಗೌಡರ್ ಅವರ ಹೆಸರಿನಲ್ಲಿ ಮಲಯಾಳ ಸಾಹಿತ್ಯಕ್ಕೆ ಒಂದು ಪುರಸ್ಕಾರವಿದೆ. ಅವರ ಮಗ ಎಂ.ಪಿ. ವೀರೇಂದ್ರಕುಮಾರ್ (1936–2020) ಮಾತೃಭೂಮಿ ಪತ್ರಿಕೆಯನ್ನು ನಡೆಸಿದವರು, ಕಲ್ಲಿಕೋಟೆಯಿಂದ ಲೋಕಸಭೆಗೂ ಆರಿಸಿಬಂದವರು. ಅವರ ಹಿಮಾಲಯ ಪ್ರವಾಸದ ಗ್ರಂಥ ‘ಹೈಮವತಭೂವಿಲ್’ಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ಸಂಜೆ ಆಶಾನ್ ಇನ್ನೊಂದು ಪಟ್ಟು ಹಿಡಿದರು. ಯಾವ ಜಾಗದಲ್ಲಿ ರೋಗ ಕಂಡಿತೋ ಅದೇ ಜಾಗದಲ್ಲಿ ಪರೀಕ್ಷೆಯಾಗಬೇಕು ಎಂದರು. ಹಿಂದಿನ ಸೀಟಿನಲ್ಲಿ ನಮ್ಮ ಬದಲಿಗೆ ನಾಲ್ಕು ಮೂಟೆ ಕಾಫಿ ಹೇರಿಕೊಂಡು ಅವರೂ ಮಗನೂ ಚುರ ಇಳಿದು ಅಡಿವಾರಕ್ಕೆ ಹೋದರು. ಅಲ್ಲಿಂದ ಏಸಿ ಹಾಕಿಕೊಂಡೇ ಲಾರಿಗಳ ಹಿಂದೆ ಮೇಲೆ ಬಂದರು. ನಾವು ಗೇಟಿನ ಬಳಿಯೇ ನಿಂತಿದ್ದೆವು. ಒಂಬತ್ತು ತಿರುವು ದಾಟಿದರೂ ಮುಳ್ಳು ನಡುಗೆರೆಯಿಂದ ಒಂದು ಕೂದಲಷ್ಟು ಮಾತ್ರ ಏರಿತ್ತಂತೆ. ಬಾಟಲಿಯ ಮೇಲೆ ಪೆನ್ನಿನಿಂದ ಗೆರೆ ಎಳೆದಿಟ್ಟರು. ಮರುದಿನ ಬೆಳಗ್ಗೆ ತಣ್ಣಗಿರುವಾಗ ನೋಡಿದರೆ ಹೋಸ್ ಗುಂಡಗಿತ್ತು, ಬಾಟಲಿಯ ನೀರು ಗೆರೆಗಿಂತ ಎರಡು ಬೆರಳು ಕೆಳಗೆ ಇಳಿದಿತ್ತು, ರೇಡಿಯೇಟರ್ ಬಾಯಿಮಟ್ಟ ತುಂಬಿತ್ತು. ಹೋದ ನೀರು ಮನೆಗೆ ಮರಳಿತ್ತು. ಆಶಾನ್ ತೆಗೆದುಕೊಂಡ ಕೂಲಿ ಒಟ್ಟು ಒಂದೂವರೆ ಸಾವಿರ. ದೊಡ್ಡಮ್ಮ ಬಲವಂತ ಮಾಡಿ ಅದರ ಮೇಲೆ ಒಂದು ಧೋತರ ಕೊಡಿಸಿದರು.

ಆ ದಿನವೇ ಸುಲ್ತಾನ್ ಬತ್ತೇರಿಗೆ ಹೋದೆವು. ಕಲ್ಪೆಟ್ಟದಿಂದ ಇಪ್ಪತ್ತೈದು ಕಿಲೋಮೀಟರ್. ಟಿಪ್ಪು ಸುಲ್ತಾನನ ಸೈನ್ಯ ಅಲ್ಲಿನ ಶಿಲಾಬಸದಿಯನ್ನು ಮದ್ದುಗುಂಡಿನ ಉಗ್ರಾಣ ಮಾಡಿಕೊಂಡದ್ದರಿಂದ ಬ್ಯಾಟರಿ ಎಂಬುದೇ ಊರ ಹೆಸರಾಯಿತು. ಅದಕ್ಕೂ ಹಿಂದೆ ಊರಿಗೆ ‘ಹನ್ನೆರಡು ಬೀದಿ’ ಎಂಬ ಅಚ್ಚ ಕನ್ನಡ ಹೆಸರಿತ್ತು. 13ನೆಯ ಶತಮಾನದ್ದೆಂದು ಹೇಳುವ ಬಸದಿ ಈಗ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಕಣಶಿಲೆಯ ಕಂಬಗಳು, ಕಲ್ಲಿನದೇ ಸೂರು; ಪೂಜೆಯಿಲ್ಲ, ತಂಪಾದ ಮೌನವಿದೆ. ಹೊರಗೆ ಹುಲ್ಲಿನ ಮೇಲೆ ಚಿಕ್ಕಮ್ಮ ಬುತ್ತಿ ಬಿಚ್ಚಿದರು.

ಮೈಸೂರಿನ ಕಡೆಯ ಓದುಗರು ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ಹಾದು ನೇರವಾಗಿ ಬತ್ತೇರಿಗೆ ಬರಬಹುದು. 2009ರಿಂದ ಆ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ವಾಹನ ಬಿಡುವುದಿಲ್ಲ. ಹೊತ್ತು ನೋಡಿ ಹೊರಡಬೇಕು.

ನಾಲ್ಕನೆಯ ದಿನ ನಾವು ಚುರ ಇಳಿದೆವು. ಇಳಿಯುವಾಗ ಜೀಪಿನಲ್ಲಿ ಮೂವರೇ ಇದ್ದೆವು. ದೊಡ್ಡಮ್ಮ ಹಿಂದಿನ ರಾತ್ರಿಯೇ ತಮ್ಮ ಸೀರೆಗಳನ್ನು ತಂಗಿಯ ಪೆಟ್ಟಿಗೆಯಲ್ಲಿ ಮಡಚಿಟ್ಟು, ಕಾಫಿ ಒಣಗಿ ಮುಗಿಯುವವರೆಗೆ ತಾನು ಬರುವುದಿಲ್ಲವೆಂದು ಹೇಳಿಬಿಟ್ಟಿದ್ದರು.